ಬಂದದ್ದಕ್ಕೆ ಇಟ್ಟ ಗಡಿಗೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆದುಬಿಟ್ಟರೆ ಉಳಿದದ್ದನ್ನು ಬರೆಯಲು ಕೈ ಹಗುರಾಗುತ್ತದೆ. ಹರಪನಹಳ್ಳಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ತೋಳಿಗೆ ಹಾಕಿದಾಗ ಅದರ ಕಿವಿಯ ಮೇಲೆಲ್ಲ ಕೂದಲಿತ್ತು, ಮೂಗು ಯಾರದೋ ಗೊತ್ತಾಗಲಿಲ್ಲ, ಬಾಯಿ ಮಾತ್ರ ನಮ್ಮ ಅಜ್ಜಿಯದೇ. ಬೈಯಲು ತಯಾರಾಗಿ ಕೂತ ಬಾಯಿ. ನಾನು ಅಲ್ಲೇ ಗೋಡೆಗೆ ಒರಗಿ ನಗಲು ಶುರು ಮಾಡಿದವಳು ಯಾವಾಗ ಅಳಲು ಹತ್ತಿದೆನೋ ತಿಳಿಯದು. ಆಮೇಲೆ ಮನೆಗೆ ಹೋಗಿ ನನ್ನ ಗಡಿಗೆಯನ್ನು ಒಡೆದು, ಚಿಲ್ಲರೆಯನ್ನೆಲ್ಲ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬಂದು ರೊಕ್ಕ ಕಟ್ಟುವ ಕಿಟಕಿಯ ಮುಂದೆ ಸುರಿದೆ. ಒಳಗೆ ಕೂತಿದ್ದ ಹುಡುಗ ಆ ರಾಶಿಯನ್ನು ನೋಡಿದ, ನನ್ನ ಮುಖ ನೋಡಿದ.

"ಅಜ್ಜಿ, ನೋಟು ಇಲ್ಲೇನ್ರಿ?"

ನಾನು ಅಷ್ಟೇನೂ ಮುದುಕಿಯಲ್ಲ. ನನಗೆ ಬೇಗ ಮದುವೆಯಾಯಿತು, ನನ್ನ ಮಗಳಿಗೂ ಬೇಗನೇ ಆಯಿತು, ತಲೆಯಲ್ಲಿ ಇನ್ನೂ ಕರಿ ಕೂದಲೇ ಹೆಚ್ಚು. ಆದರೆ ಯಾರಾದರೂ ನನ್ನನ್ನು ಅಜ್ಜಿ ಎಂದದ್ದು ಅದೇ ಮೊದಲು, ಅದು ಎಷ್ಟು ಚೆಂದ ಕೇಳಿಸಿತೆಂದರೆ ಇನ್ನೊಮ್ಮೆ ಹೇಳಪ್ಪ ಅಂದೆ. ನೋಟು ಯಾಕಿಲ್ಲ ಎಂಬುದನ್ನು ಅವನಿಗೆ ಹೇಳಲು ಆಗಲಿಲ್ಲ, ಹಿಂದೆ ಸಾಲು ನಿಂತಿತ್ತು. ನಾಲ್ಕನೇ ಈಯತ್ತೆ ಓದಿದವಳು ನಾನು. ಒತ್ತಕ್ಷರ ಬಂದಲ್ಲಿ ಈಗಲೂ ಕೈ ನಿಲ್ಲುತ್ತದೆ. ಆದರೂ ಆ ಕೂಸು ದೊಡ್ಡದಾಗಿ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ನೋಟು ಯಾಕಿಲ್ಲ ಎಂದು ತಿಳಿಯಬೇಕಾದರೆ ಕೊಟ್ಟೂರಿನ ನಮ್ಮ ಮಂಡಕ್ಕಿ ಭಟ್ಟಿಯ ಮನೆಗೆ ಹೋಗಬೇಕು.

ಮನೆ ಎಂದರೆ ಮುಂದೆ ಒಂದು ಪಡಸಾಲೆ, ನಡುವೆ ಅಡುಗೆಯದು ಮತ್ತು ದೇವರದು ಒಂದೇ ಕೋಣೆ, ಹಿಂದೆ ತಗಡಿನ ಚಪ್ಪರದ ಕೆಳಗೆ ಭಟ್ಟಿ. ನಾವು ಮಲಗುತ್ತಿದ್ದುದು ಪಡಸಾಲೆಯಲ್ಲಿ, ಬದುಕುತ್ತಿದ್ದುದು ಭಟ್ಟಿಯಲ್ಲಿ. ನೆಲದಲ್ಲಿ ತೋಡಿದ ಒಲೆ, ಅದರ ಮೇಲೆ ದೊಡ್ಡ ಕಬ್ಬಿಣದ ಬಾಣಲೆ, ಬಾಣಲೆಯೊಳಗೆ ಸಣ್ಣ ಉಸುಕು. ಶೇಂಗಾ ಹೊಟ್ಟನ್ನು ಒಲೆಗೆ ಎರಚುತ್ತ ಉಸುಕನ್ನು ಕಾಯಿಸಿ, ಉಪ್ಪುನೀರು ಉಂಡ ಅಕ್ಕಿಯನ್ನು ಅದಕ್ಕೆ ಸುರಿದು ಎರಡು ಸಲ ತಿರುವಿದರೆ ಸಾಕು, ಮಲ್ಲಿಗೆ ಅರಳಿದ ಹಾಗೆ ಬಾಣಲೆ ತುಂಬಿ ಏಳುತ್ತಿತ್ತು. ಅದನ್ನು ಜರಡಿಗೆ ತೋಡಿ ಆಡಿಸಿದರೆ ಉಸುಕು ಮತ್ತೆ ಬಾಣಲೆಗೆ ಬೀಳುತ್ತಿತ್ತು, ಮಂಡಕ್ಕಿ ಮೇಲೆ ಉಳಿಯುತ್ತಿತ್ತು. ಕಾದು ಕಾದು ಉಸುಕು ಕಪ್ಪಾಗುತ್ತದೆ. ಅದಕ್ಕೆಂದು ಅಪ್ಪ ಹಲವಾಗಲಿನ ಹೊಳೆಯಿಂದ ಗಾಡಿಯಲ್ಲಿ ಉಸುಕು ತರಿಸಿ, ಅವ್ವ ಅದನ್ನು ತೊಳೆದು ಒಣಗಿಸಿ ಗಡಿಗೆಗಳಲ್ಲಿ ತುಂಬಿ ಭಟ್ಟಿಯ ಗೋಡೆಗೆ ಸಾಲಾಗಿ ಇಡುತ್ತಿದ್ದಳು. ಈ ಗಡಿಗೆಗಳ ಸಾಲನ್ನು ನೆನಪಿಟ್ಟುಕೊಳ್ಳಬೇಕು.

ಮತ್ತೆ ನಮ್ಮ ಮನೆಯಲ್ಲಿ ಹೊಡೆತವಿತ್ತು. ಬೇರೆ ಮನೆಗಳಲ್ಲಿ ರೇಡಿಯೊ ಇರುವ ಹಾಗೆ ನಮ್ಮಲ್ಲಿ ಹೊಡೆತ. ಅಜ್ಜಿ ಅಪ್ಪನನ್ನೂ ಕಾಕನನ್ನೂ ಜರಡಿಯ ಸುತ್ತಿನ ಬಳೆಯಿಂದ ಬಡಿಯುತ್ತಿದ್ದಳು, ಮೀಸೆ ಬಂದ ಗಂಡಸರು ತಲೆ ಬಗ್ಗಿಸಿ ಬಡಿಸಿಕೊಳ್ಳುತ್ತಿದ್ದರು. ಅಪ್ಪ ಅವ್ವನನ್ನು ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೂ ಹೊಡೆತ, ಹೆಚ್ಚಾದರೂ ಹೊಡೆತ, ಸರಿಯಾಗಿದ್ದ ದಿನ ಭಟ್ಟಿಯ ಕಾವು ಅವನ ತಲೆಗೇರಿ ಹೊಡೆತ. ಅಪ್ಪನ ತಮ್ಮ, ನಮ್ಮ ಕಾಕ, ಅಪ್ಪನ ಮೇಲೆ ಏರಿ ಹೋಗುತ್ತಿದ್ದ. ಇಬ್ಬರೂ ಭಟ್ಟಿಯ ಮುಂದೆ ಒಬ್ಬರ ಕೊರಳನ್ನು ಒಬ್ಬರು ಹಿಡಿದು ಉರುಳಾಡುವಾಗ ಓಣಿಯವರು ಬಂದು ಬಿಡಿಸುತ್ತಿರಲಿಲ್ಲ, ಮಂಡಕ್ಕಿ ಕೊಳ್ಳಲು ಬಂದವರು ಪಕ್ಕಕ್ಕೆ ಸರಿದು ನಿಂತು ಮುಗಿಯುವತನಕ ಕಾಯುತ್ತಿದ್ದರು. ಅವ್ವ ಒಬ್ಬಳೇ ಯಾರನ್ನೂ ಹೊಡೆಯದವಳು. ಅವಳು ಮಾತನ್ನೂ ಆಡುತ್ತಿರಲಿಲ್ಲ. ಆ ಮನೆಯಲ್ಲಿ ಉಳಿದವರೆಲ್ಲ ಕೂಗಿಯೇ ಮಾತಾಡುತ್ತಿದ್ದುದರಿಂದ ಯಾರ ಕೂಗೂ ಯಾರಿಗೂ ಕೇಳಿಸುತ್ತಿರಲಿಲ್ಲ. ಇದನ್ನೂ ನೆನಪಿಟ್ಟುಕೊಳ್ಳಬೇಕು.

ಇಂಥ ಮನೆಯಲ್ಲಿ ಯಾರೂ ಮೀರದೆ ನಡೆದುಕೊಂಡ ಕಟ್ಟಳೆ ಒಂದೇ, ಅದು ಅಜ್ಜಿಯ ರೊಕ್ಕದ್ದು. ದಿನಾ ಸಂಜೆ ಭಟ್ಟಿ ಆರಿಸಿದ ಮೇಲೆ ಅವಳು ಅಂದಿನ ಗಳಿಕೆಯನ್ನು ಸೆರಗಿನಲ್ಲಿ ಹಾಕಿಕೊಂಡು ಗೋಡೆಯ ಗೂಡಿನ ಮುಂದೆ ಕೂರುತ್ತಿದ್ದಳು. ಗೂಡಿನಲ್ಲಿ ಮೂರು ಮಣ್ಣಿನ ಪಾತ್ರೆ. ಅರಿಶಿನ ಬಳಿದ ಕುಡಿಕೆ ಸಂತೆಯದು. ಉಪ್ಪು, ಎಣ್ಣೆ, ಸೀಮೆಎಣ್ಣೆ, ಜೋಳ ಬೀಸಿಸುವ ಗಿರಣಿಯ ರೊಕ್ಕ ಎಲ್ಲ ಅದರಿಂದ. ಮಸಿ ಬಳಿದದ್ದು ಭಟ್ಟಿಯದು, ಅಕ್ಕಿಗೆ ಮತ್ತು ಹೊಟ್ಟಿಗೆ. ಸುಣ್ಣ ಬಳಿದ ಮೂರನೆಯದಕ್ಕೆ ಅವಳು ಇಟ್ಟ ಹೆಸರು 'ಬಂದದ್ದಕ್ಕೆ'. ಹೇಳದೆ ಕೇಳದೆ ಯಾವುದು ಬರುತ್ತದೋ ಅದಕ್ಕೆ. ಯಾವುದು ಹೇಳಿ ಬರುತ್ತದೆ, ಯಾವುದು ಹೇಳದೆ ಬರುತ್ತದೆ ಎಂಬುದರ ಮೇಲೆಯೇ ನಮ್ಮ ಮನೆಯಲ್ಲಿ ಅರ್ಧ ಜಗಳ. ಯುಗಾದಿ ಹೇಳಿ ಬರುತ್ತದೆ, ಆದ್ದರಿಂದ ಅದರ ಬೆಲ್ಲ ಸಂತೆಯ ಕುಡಿಕೆಯಿಂದ. ಬೀಗರು ಹೇಳದೆ ಬರುತ್ತಾರೆ, ಸಾವು ಹೇಳದೆ ಬರುತ್ತದೆ, ಗಾಳಿಗೆ ಹಾರುವ ತಗಡೂ ಹಾಗೆಯೇ. ಒಂದು ಕುಡಿಕೆ ಇನ್ನೊಂದಕ್ಕೆ ಕೈಗಡ ಕೊಡುವಂತಿಲ್ಲ. ಸಂತೆಯ ಕುಡಿಕೆ ವಾರದ ನಡುವೆ ಬರಿದಾದರೆ ಒಗ್ಗರಣೆಯಿಲ್ಲದ ಬೇಳೆ ಉಣ್ಣಬೇಕು, ಸುಣ್ಣದ ಗಡಿಗೆ ಪಕ್ಕದಲ್ಲೇ ತುಂಬಿ ಕೂತಿದ್ದರೂ. ಅಕ್ಕಿ ಅಗ್ಗಕ್ಕೆ ಸಿಕ್ಕಿತೆಂದು ಅಪ್ಪ ಒಮ್ಮೆ ಸುಣ್ಣದ್ದಕ್ಕೆ ಕೈ ಹಾಕಿದ್ದಕ್ಕೆ ಅಜ್ಜಿ ಅವನ ಮೊಣಕೈಗೆ ಒನಕೆಯಿಂದ ಕೊಟ್ಟಳು. ಆ ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ.

ಅವ್ವ ಬಸುರಾದಾಗ ಈ ಜಗಳ ಇನ್ನೊಂದು ದಾರಿ ಹಿಡಿಯಿತು. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ಈ ಸಲ ಅಜ್ಜಿ ಸುಣ್ಣದ ಗಡಿಗೆಗೆ ದಿನವೂ ಒಂದು ಹಿಡಿ ಹೆಚ್ಚು ಹಾಕತೊಡಗಿದಳು, ನಮ್ಮ ಸಾರು ತೆಳ್ಳಗಾಗುತ್ತ ಹೋಯಿತು. ಅದೇ ಹೊತ್ತಿಗೆ ಕಾಕನಿಗೆ ಹೆಣ್ಣು ಗೊತ್ತಾಗಿತ್ತು. ಹೆಂಡತಿ ಬರುವುದರೊಳಗೆ ತನ್ನದೇ ಭಟ್ಟಿ ಬೇಕು, ಪಾಲು ಕೊಡಿ, ಗಡಿಗೆಯಲ್ಲಿರುವುದರಲ್ಲೂ ತನ್ನ ಬೆವರಿದೆ ಎಂದು ಅವನ ಹಟ. ಅವನ ಮಾತು ಸುಳ್ಳಲ್ಲ. ಒಲೆಯ ಬಾಯಲ್ಲಿ ಕೂತು ಹುಬ್ಬು ಸುಟ್ಟುಕೊಂಡವನು ಅವನೇ. ಹೆರಿಗೆಯೇನು ಹೇಳದೆ ಬರುತ್ತದೆಯೇ, ಒಂಬತ್ತು ತಿಂಗಳು ಮೊದಲೇ ಹೇಳಿದೆಯಲ್ಲ, ಅದನ್ನು ಸಂತೆಯ ಕುಡಿಕೆಯಿಂದ ಮಾಡಿಕೊಳ್ಳಿ ಎಂದು ಅವನು ವಾದ ಹೂಡಿದ. ಅಜ್ಜಿ ಎಲೆಯಡಿಕೆ ಉಗುಳಿ ಹೇಳಿದ್ದು ಇಷ್ಟು:

"ಬಸುರು ಹೇಳಿ ಬರ್ತೈತಿ ಲೇ ನಾಗ್ಯಾ. ಹೆರಿಗಿ ಹೇಳಿ ಬರಂಗಿಲ್ಲ. ಆಕಿ ಹಡದು ಎದ್ದು ಕುಂದರಲಿ, ಆಮ್ಯಾಗ ಪಾಲಿನ ಮಾತು."

ಆ ವಾರವೇ ಯಾರೋ ಗೂಡಿನ ಬಾಗಿಲನ್ನು ಮೀಟಿದ ಗುರುತು ಕಂಡಿತು. ಅಪ್ಪ ಕಾಕನೆಂದ, ಕಾಕ ಅಪ್ಪನೆಂದ. ಇಬ್ಬರೂ ಸೌದೆಯ ತುಂಡಿನಿಂದ ಬಡಿದಾಡಿ ಕಾಕನ ಹಲ್ಲೊಂದು ಬಿತ್ತು. ಅಜ್ಜಿ ಯಾರನ್ನೂ ಕೇಳಲಿಲ್ಲ. ಮರುದಿನ ಅವರಿಬ್ಬರೂ ಅಕ್ಕಿ ತರಲು ಹೋದಾಗ ನನ್ನನ್ನು ಭಟ್ಟಿಗೆ ಕರೆದುಕೊಂಡು ಹೋಗಿ, ಉಸುಕಿನ ಗಡಿಗೆಗಳ ಸಾಲಿನಲ್ಲಿ ಮೂಲೆಯದನ್ನು ಬರಿದು ಮಾಡಿಸಿದಳು. ಸುಣ್ಣದ ಗಡಿಗೆಯ ನೋಟುಗಳನ್ನು ಹಳೆಯ ಕುಪ್ಪಸದ ಚೀಲದಲ್ಲಿ ಹಾಕಿ ತಳದಲ್ಲಿಟ್ಟು, ಸುತ್ತ ಚಿಲ್ಲರೆ ಸುರಿದು, ಮೇಲೆ ಕಂಠದವರೆಗೆ ಉಸುಕು ತುಂಬಿದಳು. ಗೂಡಿನ ಸುಣ್ಣದ ಗಡಿಗೆಗೆ ಕಲ್ಲು ತುಂಬಿ ಬಾಯಿ ಕಟ್ಟಿದಳು. ಮೂಲೆಯ ಗಡಿಗೆಯನ್ನು ವರ್ಷಕ್ಕೊಮ್ಮೆ ಹೊಸ ಉಸುಕು ಬಂದಾಗ ಬಿಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ. ಅವ್ವನಿಗೂ ಹೇಳಲಿಲ್ಲ, ಅಪ್ಪ ಹೊಡೆದರೆ ಅವಳು ಹೇಳಿಬಿಟ್ಟಾಳು ಎಂದು. ನನಗೆ ಯಾಕೆ ಹೇಳಿದಳೆಂದರೆ ನಾನು ಹೊಡೆತಕ್ಕೆ ಬಾಯಿ ಬಿಡುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳೇ ಹೊಡೆದು ಪರೀಕ್ಷೆ ಮಾಡಿದ್ದಳು.

ಬಾಗಳಿಯಲ್ಲಿ ಅಜ್ಜಿಯ ಅಕ್ಕನ ಗಂಡ ತೀರಿಕೊಂಡರು. ಸಾವು ಹೇಳದೆ ಬರುತ್ತದೆ, ಅದಕ್ಕೆ ಮೂಲೆಯ ಗಡಿಗೆಯಿಂದಲೇ ಕಾಯಿಗೆ, ಹೂವಿಗೆ, ಬಸ್ಸಿಗೆ ತೆಗೆದುಕೊಂಡು, ನಾನು ಬರುವತನಕ ಆ ಗಡಿಗೆಯ ಕಡೆ ಯಾರನ್ನೂ ಬಿಡಬೇಡ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಬೆಳಗಿನ ಬಸ್ಸು ಹತ್ತಿದಳು. ಬಸ್ಸಿನ ಧೂಳು ಅಡಗುವ ಮೊದಲೇ ಕಾಕ ಪಾಲು ಶುರು ಮಾಡಿದ. ನಾನು ಆಮೇಲೆ ಎಷ್ಟೋ ಮನೆಗಳ ಪಾಲು ನೋಡಿದ್ದೇನೆ, ಹೊಲ, ಎತ್ತು, ಬಂಗಾರ ಹಂಚಿಕೊಳ್ಳುತ್ತಾರೆ. ನಮ್ಮವರು ಉಸುಕು ಹಂಚಿಕೊಂಡರು. ಕಾಕ ಹಿತ್ತಲಲ್ಲಿ ಆಗಲೇ ಒಲೆ ತೋಡಿ ಎಲ್ಲಿಂದಲೋ ಒಂದು ಹಳೆಯ ಬಾಣಲೆ ತಂದಿದ್ದ. ಜರಡಿಗೆ ಕಿತ್ತಾಡಿದರು, ಚೀಲಕ್ಕೆ ಕಿತ್ತಾಡಿದರು, ಹೊಟ್ಟಿನ ರಾಶಿಯ ನಡುವೆ ಕೋಲಿನಿಂದ ಗೆರೆ ಎಳೆದರು. ಕೊನೆಗೆ ಉಸುಕಿನ ಗಡಿಗೆಗಳ ಮುಂದೆ ನಿಂತು, ನಿನಗೊಂದು ನನಗೊಂದು ಎಂದು ಚಿಕ್ಕ ಹುಡುಗರ ಹಾಗೆ ಎತ್ತಿಟ್ಟುಕೊಂಡರು. ಒಬ್ಬರಿಗೆ ಒಂದು ಗಡಿಗೆ ಹೆಚ್ಚು ಹೋದರೂ ತಲೆ ಒಡೆಯುವ ಹಾಗಿದ್ದರು. ಮೂಲೆಯದು ಕಾಕನ ಪಾಲಿಗೆ ಹೋಯಿತು.

ನಾನು ಕೂಗಿದೆ. ಅದು ಅಜ್ಜಿಯದು, ಒಯ್ಯಬೇಡ ಎಂದೆ. ಅವನು ಗಡಿಗೆಯನ್ನು ಹೆಗಲಿಗೇರಿಸಿ ಹಿತ್ತಲಿಗೆ ನಡೆದ. ಒಲೆ ಆಗಲೇ ಉರಿಯುತ್ತಿತ್ತು, ಬಾಣಲೆಯ ತಳ ಕೆಂಪಗಾಗಿತ್ತು, ಮೊದಲೆರಡು ಗಡಿಗೆಗಳ ಉಸುಕು ಅದರೊಳಗೆ ಕಾದು ಹೊಗೆಯಾಡುತ್ತಿತ್ತು. ನಾನು ಅವನ ಪಂಚೆ ಹಿಡಿದು ಜೋತುಬಿದ್ದೆ.

"ಕಾಕಾ, ಅದರಾಗ ರೊಕ್ಕ ಐತಿ. ಅವ್ವನ ಹೆರಿಗಿ ರೊಕ್ಕ."

"ನಿಮ್ಮಪ್ಪ ಹೇಳಿ ಕಳಿಸ್ಯಾನೇನು? ಉಸುಕಿನಾಗೂ ಪಾಲು ಬೇಕಾಗೇತೇನ್ ಅವಂಗ?"

ಅಂದವನೇ ಎಡಗಿವಿಯ ಮೇಲೆ ಬಾರಿಸಿದ. ಎಷ್ಟೋ ಹೊಡೆತ ತಿಂದವಳು ನಾನು, ಇಂಥದು ತಿಂದಿರಲಿಲ್ಲ. ಕಿವಿಯೊಳಗೆ ಏನೋ ಹರಿದಂತಾಯಿತು, ಲೋಕದ ಸದ್ದೆಲ್ಲ ಒಂದು ಪಕ್ಕಕ್ಕೆ ಹೋಗಿ ನಿಂತಿತು. ಬಿದ್ದಲ್ಲಿಂದಲೇ ತೆವಳಿ ಹೋಗಿ ಅವನ ಮೀನಖಂಡಕ್ಕೆ ಬಾಯಿ ಹಾಕಿದೆ, ಬಾಯಿಗೆ ರಕ್ತ ಬರುವತನಕ ಬಿಡಲಿಲ್ಲ. ಅವನು ಇನ್ನೊಂದು ಕಾಲಿನಿಂದ ನನ್ನನ್ನು ಒದ್ದು ಗಡಿಗೆಯನ್ನು ಬಾಣಲೆಗೆ ಬೋರಲು ಹಾಕಿದ.

ಮೊದಲು ಉಸುಕು ಬಿತ್ತು. ಆಮೇಲೆ ಚಿಲ್ಲರೆ, ಗಲಗಲ ಎಂದು, ಆಲಿಕಲ್ಲು ತಗಡಿನ ಮೇಲೆ ಬಿದ್ದ ಹಾಗೆ. ಕೊನೆಗೆ ಆ ಕುಪ್ಪಸದ ಚೀಲ. ಕಾದ ಉಸುಕಿನ ಮೇಲೆ ಬಿದ್ದ ಬಟ್ಟೆ ಸುರುಟಿ ಕಪ್ಪಾಗಿ ಬಾಯಿ ಬಿಟ್ಟಿತು, ಒಳಗಿನ ನೋಟುಗಳು ಒಂದೊಂದಾಗಿ ಮೈಮುರಿದು ಎದ್ದು ಹೊತ್ತಿಕೊಂಡವು. ಕಾಕ ಗಡಿಗೆ ಹಿಡಿದವನು ಹಿಡಿದಂತೆಯೇ ನಿಂತಿದ್ದ. ಅವನ ಮುಖ ಇನ್ನೂ ನನಗೆ ಕಾಣಿಸುತ್ತದೆ, ತುಟಿ ಸೀಳಿ ಹಲ್ಲು ಬಿದ್ದ ಜಾಗದಲ್ಲಿ ಕತ್ತಲೆ. ಹೊಗೆಯ ವಾಸನೆಗೆ ಅಪ್ಪ ಓಡಿ ಬಂದ. ಅವನಿಗೆ ಕಂಡದ್ದು ಉರಿಯುವ ನೋಟು ಮತ್ತು ಎದುರಿಗೆ ನಿಂತ ತಮ್ಮ. ಸಲಿಕೆ ಎತ್ತಿ ಬೀಸಿದ. ಕಾಕ ತಪ್ಪಿಸಿಕೊಂಡ, ಸಲಿಕೆ ಬಾಣಲೆಯ ಅಂಚಿಗೆ ಬಡಿದು ಕಾದ ಉಸುಕು ಹಾರಿ ಇಬ್ಬರ ಮೇಲೂ ಬಿತ್ತು, ನನ್ನ ಮುಂಗೈಯ ಮೇಲೂ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಕಾಕ ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡ. ಅವತ್ತು ಇಬ್ಬರಲ್ಲಿ ಒಬ್ಬರು ಸಾಯುವುದು ಖಂಡಿತವೆಂದು ನನಗನ್ನಿಸಿತು. ಯಾರು ಸತ್ತರೂ ಅಡ್ಡಿಯಿಲ್ಲ ಎಂದೂ ಅನ್ನಿಸಿತು.

ಅವ್ವ ಆ ಹೊತ್ತಿಗೆ ಬಂದಳು. ತುಂಬಿದ ಹೊಟ್ಟೆ ಹೊತ್ತುಕೊಂಡು, ಒಂದು ಕೊಡ ನೀರು ತಂದು ಬಾಣಲೆಯ ಮೇಲೆ ಸುರಿಯಲು ಹೊರಟಿದ್ದಳು. ಅಪ್ಪ ತಮ್ಮನ ಕಡೆ ನುಗ್ಗುವಾಗ ದಾರಿಗೆ ಅಡ್ಡ ಬಂದದ್ದನ್ನು ಮೊಣಕೈಯಿಂದ ತಳ್ಳಿದ. ಯಾರೆಂದು ನೋಡಲಿಲ್ಲ. ಅವಳು ಹಿಂದಕ್ಕೆ ಬಿದ್ದಳು, ಒರಳುಕಲ್ಲಿನ ಅಂಚು ಸೊಂಟಕ್ಕೆ ಬಡಿಯಿತು, ಕೊಡ ಉರುಳಿ ನೀರು ಹರಿಯಿತು. ಹರಿದ ನೀರು ಕೆಂಪಾದಾಗ ಮಾತ್ರ ಅಪ್ಪನ ಕೈಯಿಂದ ಸಲಿಕೆ ಬಿತ್ತು.

ಓಣಿಯ ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ನಿಂತಿದೆ, ಇದು ತನ್ನ ಕೈಯ ಕೆಲಸವಲ್ಲ, ದಾವಣಗೆರೆಗೆ ಒಯ್ಯಿರಿ, ತಡ ಮಾಡಿದರೆ ಇಬ್ಬರೂ ಇಲ್ಲ ಎಂದಳು. ಟೆಂಪೊದವನು ಮುಂಗಡ ಕೊಡದೆ ಹೊರಡುವುದಿಲ್ಲ ಎಂದ. ಅಪ್ಪ ಅವನ ಕಾಲು ಹಿಡಿದ. ಅದೇ ಹೊತ್ತಿಗೆ ಬಾಗಳಿಯಿಂದ ಮಧ್ಯಾಹ್ನದ ಬಸ್ಸು ಬಂತು, ಸಾವಿನ ಮನೆಯಿಂದ ಬಂದವಳು ಸ್ನಾನವನ್ನೂ ಮಾಡದೆ ನೇರ ಹಿತ್ತಲಿಗೆ ಬಂದು ನಿಂತಳು ಅಜ್ಜಿ. ಅವ್ವನನ್ನು ನೋಡಿದಳು, ಬಾಣಲೆ ನೋಡಿದಳು, ನನ್ನ ಕಿವಿಯಿಂದ ಇಳಿದಿದ್ದ ರಕ್ತ ನೋಡಿದಳು. ಜರಡಿಯ ಬಳೆ ತೆಗೆದುಕೊಳ್ಳುತ್ತಾಳೆ ಎಂದು ಇಬ್ಬರು ಗಂಡಸರೂ ತಲೆ ಬಗ್ಗಿಸಿ ನಿಂತರು. ಅವಳು ಒಳಗೆ ಹೋಗಿ ಗೂಡಿನಿಂದ ಅರಿಶಿನದ ಕುಡಿಕೆ ತಂದು ಅಪ್ಪನ ಬೆನ್ನಿನ ಮೇಲೆ ಒಡೆದಳು. ಮತ್ತೆ ಹೋಗಿ ಮಸಿಯದನ್ನು ತಂದು ಕಾಕನ ಬೆನ್ನಿನ ಮೇಲೆ ಒಡೆದಳು. ಒಂದರ ರೊಕ್ಕ ಇನ್ನೊಂದಕ್ಕೆ ಸೇರಬಾರದೆಂದು ಮಗನ ಮೊಣಕೈ ಮುರಿದವಳು, ಮನೆಯ ಉಪ್ಪಿನ ರೊಕ್ಕವನ್ನೂ ಭಟ್ಟಿಯ ಅಕ್ಕಿಯ ರೊಕ್ಕವನ್ನೂ ಹಿತ್ತಲ ಮಣ್ಣಿನಲ್ಲಿ ಕಲಸಿಬಿಟ್ಟಳು. ಅದರಿಂದ ಟೆಂಪೊದವನ ಮುಂಗಡಕ್ಕೆ ಆಯ್ದುಕೊಟ್ಟು, ಆಮೇಲೆ ಬಾಣಲೆಯ ಕಡೆ ಕೈ ತೋರಿದಳು. ಅಪ್ಪ ಇಕ್ಕಳ ತರಲು ತಿರುಗಿದ.

"ಇಕ್ಕಳ ಬ್ಯಾಡ. ಕೈಲೆ ಆರಿಸ್ರಿ."

ನೋಟು ಬೂದಿಯಾಗಿದ್ದವು. ಚಿಲ್ಲರೆ ಉಸುಕಿನೊಳಗೆ ಇತ್ತು. ಒಲೆಯ ಬೆಂಕಿ ಎಳೆದು ಹಾಕಿದ್ದರೂ ಉಸುಕು ಕಾವು ಬಿಡುವುದಿಲ್ಲ, ಅದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಅಪ್ಪ ಮತ್ತು ಕಾಕ ಬಾಣಲೆಯ ಎರಡು ಬದಿಗೆ ಮೊಣಕಾಲೂರಿ ಕೂತು ಬರಿಗೈಯನ್ನು ಉಸುಕಿಗೆ ಹಾಕಿದರು. ನಾಲ್ಕಾಣೆ, ಎಂಟಾಣೆ, ರೂಪಾಯಿ, ಒಂದೊಂದನ್ನೇ ತೆಗೆದು ಹಸಿ ಟವೆಲ್ಲಿನ ಮೇಲೆ ಹಾಕಿದರು. ಪ್ರತಿಯೊಂದೂ ಚುಂಯ್ ಎನ್ನುತ್ತಿತ್ತು. ಬೆರಳಿನ ಚರ್ಮ ಅಂಟಿ ಬರುತ್ತಿತ್ತು, ಇಬ್ಬರೂ ಕೈ ಹಿಂತೆಗೆಯಲಿಲ್ಲ. ಅಷ್ಟು ಹೊತ್ತು ಕೊಲ್ಲಲು ನಿಂತವರು ಒಬ್ಬರು ಉಸುಕು ಸರಿಸಿದರೆ ಇನ್ನೊಬ್ಬರು ಆರಿಸುತ್ತ ಜೋಡಿ ಎತ್ತಿನ ಹಾಗೆ ಕೆಲಸ ಮಾಡಿದರು. ಅಜ್ಜಿ ಮೇಲೆ ನಿಂತು ನೋಡುತ್ತಿದ್ದಳು. ಅವಳು ಹೊಡೆದ ಹೊಡೆತಗಳಲ್ಲಿ ಅದೇ ದೊಡ್ಡದು.

ಟೆಂಪೊದಲ್ಲಿ ನನ್ನನ್ನು ಯಾರೂ ಇಳಿಸಲಿಲ್ಲ, ಯಾಕೆಂದರೆ ಟವೆಲ್ಲಿನ ಗಂಟು ನನ್ನ ತೊಡೆಯ ಮೇಲಿತ್ತು. ಹಸಿ ಬಟ್ಟೆಯ ಮೂಲಕವೂ ಅದು ಬಿಸಿಯಾಗಿತ್ತು, ಈಗ ತಾನೇ ಇಟ್ಟ ಮೊಟ್ಟೆಯ ಹಾಗೆ. ಅವ್ವ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು, ಅಪ್ಪ ಮತ್ತು ಕಾಕ ಸುಟ್ಟ ಕೈಗಳನ್ನು ಎದೆಗೆ ಆನಿಸಿಕೊಂಡು ಹಿಂದೆ ಕೂತಿದ್ದರು. ರಸ್ತೆಯ ಗುಂಡಿಗೆ ಟೆಂಪೊ ಎಗರಿದಾಗಲೆಲ್ಲ ಅವ್ವನ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಹರಪನಹಳ್ಳಿ ದಾಟಿದ ಮೇಲೆ ಕಣ್ಣು ತೆರೆದಳು. ಅವಳು ಮಾತಾಡುವವಳಲ್ಲ ಎಂದು ಮೊದಲೇ ಬರೆದಿದ್ದೇನೆ. ಈಗ ಯಾರನ್ನೂ ನೋಡದೆ, ಟೆಂಪೊದ ಮಾಡಿಗೆ ಹೇಳುವ ಹಾಗೆ ಹೇಳಿದಳು.

"ನಾ ಉಳದ್ರ ಗಡಿಗಿ ನನ್ನ ಕೈಯಾಗ ಇರ್ತಾವು. ಹೊಡದಾಡೂದಿದ್ರ ಮನಿ ಹೊರಗ ಹೊಡದಾಡ್ರಿ. ನನ್ನ ಮೈ ಮುಟ್ಟಿದ ಕೈಗೆ ಆ ಮನ್ಯಾಗ ಅನ್ನ ಇಲ್ಲ."

ಉತ್ತರ ಕೊಟ್ಟದ್ದು ಅಜ್ಜಿ. ಹೂಂ ಎಂದು ಅವಳ ಹಣೆಯ ಬೆವರು ಒರೆಸಿದಳು.

ಅವ್ವ ಉಳಿದಳು. ಹೊಟ್ಟೆ ಕೊಯ್ದು ತೆಗೆದ ಕೂಸೂ ಉಳಿಯಿತು, ಗಂಡು. ಚಿಲ್ಲರೆ ಸಾಲದೆ ಅಜ್ಜಿಯ ಕಿವಿಯ ಬೆಂಡೋಲೆ ಹೋದವು. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಉಸುಕು ಜಾಡಿಸಿ ಜಾಡಿಸಿ ಚಿಲ್ಲರೆ ಎಣಿಸಿಕೊಟ್ಟದ್ದರಿಂದ ನನ್ನ ತಮ್ಮನಿಗೆ ಅಲ್ಲೇ ಹೆಸರು ಬಿತ್ತು. ಶಾಲೆಯಲ್ಲಿ ಏನೋ ಬೇರೆ ಹೆಸರಿದೆ, ಕೊಟ್ಟೂರಿನಲ್ಲಿ ಮಾತ್ರ ಇವತ್ತಿಗೂ ಚಿಲ್ಲರಿ ಅಂದರೇ ಅವನು ತಿರುಗಿ ನೋಡುವುದು. ಆಮೇಲೆ ಎಷ್ಟೋ ವಾರ ಮನೆಯಲ್ಲಿ ಉಪ್ಪಿಗೂ ರೊಕ್ಕವಿಲ್ಲ, ಭಟ್ಟಿಗೆ ಅಕ್ಕಿಯಿಲ್ಲ. ಚೀಲದಲ್ಲಿ ಉಳಿದಿದ್ದ ಮಂಡಕ್ಕಿಯನ್ನೇ ಬೆಳಿಗ್ಗೆ ನೀರಲ್ಲಿ ನೆನೆಸಿ, ಮಧ್ಯಾಹ್ನ ಹಸಿಮೆಣಸಿನಕಾಯಿ ಕಚ್ಚಿಕೊಂಡು, ಸಂಜೆ ಬರಿದೇ ತಿಂದೆವು. ಬಾಣಂತಿಗೆ ಮಾತ್ರ ಓಣಿಯವರು ಗೋಧಿ ಹುಗ್ಗಿ ತಂದುಕೊಟ್ಟರು. ನಿಂತು ನೋಡುತ್ತಿದ್ದ ಅದೇ ಓಣಿಯವರು. ಕೈಯ ಗಾಯ ಮಾಗುವ ಮೊದಲೇ ಅಪ್ಪ ಮತ್ತು ಕಾಕ ಗಿರಣಿಯಲ್ಲಿ ಮೂಟೆ ಹೊರಲು ಹೋದರು. ಕಾಕ ಹಿತ್ತಲ ಒಲೆಯನ್ನು ತಾನೇ ಮುಚ್ಚಿದ.

ಅವ್ವ ಎದ್ದು ಓಡಾಡಿದ ದಿನ ಕುಂಬಾರರ ಮನೆಯಿಂದ ಮೂರು ಹೊಸ ಪಾತ್ರೆ ತರಿಸಿದಳು. ಹಳೆಯದು ಯಾರಿಂದಾಗಲಿ ಯಾರ ಸಲುವಾಗಿಯಾಗಲಿ ಬರಿದಾಯಿತೋ ಅವರ ಕೈಯಿಂದಲೇ ಹೊಸದಕ್ಕೆ ಮೊದಲ ನಾಣ್ಯ ಬೀಳಬೇಕೆಂಬುದು ಅವಳು ಕಟ್ಟಿದ ಕಟ್ಟಳೆ. ಅರಿಶಿನದ್ದಕ್ಕೆ ಅಪ್ಪ ಹಾಕಿದ, ಮಸಿಯದಕ್ಕೆ ನನ್ನ ಎಳೆಯ ತಮ್ಮನ ಮುಷ್ಟಿ ಹಿಡಿದು ಅಜ್ಜಿ ಹಾಕಿಸಿದಳು. ಸುಣ್ಣದ್ದಕ್ಕೆ ಕಾಕ. ಅವನು ಮೂಟೆ ಹೊತ್ತ ರೊಕ್ಕದಲ್ಲಿ ಒಂದು ನೋಟು ತೆಗೆದು ಹಾಕಲು ಹೋದ. ಅವ್ವ ಗಡಿಗೆಯ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಸುಡುವಂಥದು ಇದರೊಳಗೆ ಬೇಡ, ಚಿಲ್ಲರೆ ಮಾಡಿಸಿಕೊಂಡು ಬಾ ಎಂದಳು. ಅವನು ಅಂಗಡಿಗೆ ಹೋಗಿ ನೋಟು ಮುರಿಸಿಕೊಂಡು ಬಂದ. ಅಂದಿನಿಂದ ಆ ಗಡಿಗೆಗೆ ನಾಣ್ಯವೇ. ಇವರೆಲ್ಲ ಒಳ್ಳೆಯವರಾಗಿಬಿಟ್ಟರು ಎಂದು ನಾನು ಬರೆಯುವುದಿಲ್ಲ. ಅಪ್ಪ ಮತ್ತು ಕಾಕ ಜಗಳವಾಡುವುದನ್ನು ಅಪ್ಪ ಸಾಯುವತನಕ ಬಿಡಲಿಲ್ಲ. ಆದರೆ ಆಡಿದ್ದು ಬೀದಿಯಲ್ಲಿ. ಒಬ್ಬ ರೇಗಿದರೆ ಇನ್ನೊಬ್ಬ, ಹೊರಗ ಬಾ ಎಂದು ಹೊಸಿಲು ದಾಟುತ್ತಿದ್ದ. ಅಪ್ಪ ಒಂದೇ ಒಂದು ಸಲ ಅವ್ವನ ಮೇಲೆ ಮತ್ತೆ ಕೈ ಎತ್ತಿದ. ಅವ್ವ ಅವನ ತಟ್ಟೆ ತೆಗೆದುಕೊಂಡು ಹೋಗಿ ಓಣಿಯವರ ಎತ್ತಿನ ಮುಂದೆ ಸುರಿದು ಬಂದಳು. ಮೂರು ದಿನ ಅವನಿಗೆ ಅನ್ನ ಹಾಕಲಿಲ್ಲ, ಅಜ್ಜಿಯನ್ನೂ ಹಾಕಲು ಬಿಡಲಿಲ್ಲ. ನಾನು ಕಲಿತದ್ದು ಅಲ್ಲಿ, ಶಾಲೆಯಲ್ಲಲ್ಲ. ಮದುವೆಯಾಗಿ ಹರಪನಹಳ್ಳಿಗೆ ಬಂದಾಗ ನನ್ನ ಜೊತೆ ಬಂದದ್ದು ಒಂದು ಟ್ರಂಕು ಮತ್ತು ಮೂರು ಗಡಿಗೆ. ಗಂಡ ಮೊದಲ ದಿನವೇ ಇವೇನು ಎಂದು ಕೇಳಿದ. ಹೇಳಿದೆ, ಕೇಳಿಸದ ಎಡಗಿವಿಯನ್ನೂ ಸುಟ್ಟ ಮುಂಗೈಯನ್ನೂ ತೋರಿಸಿದೆ. ಅವನು ಒಳ್ಳೆಯ ಮನುಷ್ಯ, ಕೇಳಿಸಿಕೊಂಡ.

ಮೊನ್ನೆ ತೊಟ್ಟಿಲಿಗೆ ಹಾಕುವ ಶಾಸ್ತ್ರ ಮಾಡಿದೆವು. ಮನೆ ತುಂಬ ಜನ. ಅವ್ವ ಕುರ್ಚಿಯಲ್ಲಿ ಕೂತಿದ್ದಳು, ಚಿಲ್ಲರಿ ತನ್ನ ಹೆಂಡತಿ ಮಕ್ಕಳೊಡನೆ ಬಂದಿದ್ದ, ಕಾಕನೂ ಬಂದಿದ್ದ. ಕೋಲೂರಿಕೊಂಡು ನಡೆಯುತ್ತಾನೆ ಈಗ, ಬೆರಳ ತುದಿಗಳು ಹಾಗೆಯೇ ನುಣ್ಣಗಿವೆ, ಗೆರೆಯಿಲ್ಲದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವನನ್ನು ಮನುಷ್ಯ ಎಂದು ಒಪ್ಪುವುದಿಲ್ಲ, ಪ್ರತಿ ತಿಂಗಳೂ ಜಗಳ. ಸುಣ್ಣ ಬಳಿದ ಹೊಸ ಗಡಿಗೆಯನ್ನು ತೊಟ್ಟಿಲ ಪಕ್ಕದಲ್ಲಿಟ್ಟೆ. ಹಳೆಯದನ್ನು ಒಡೆದದ್ದು ಕೂಸಿನ ಸಲುವಾಗಿ, ಮೊದಲ ನಾಣ್ಯ ಅದರ ಕೈಯಿಂದಲೇ ಬೀಳಬೇಕು. ಅಂಗೈಯಲ್ಲಿ ಒಂದು ರೂಪಾಯಿ ಇಟ್ಟೆ. ಅದು ಮುಷ್ಟಿ ಬಿಗಿಹಿಡಿಯಿತು ನೋಡಿ, ಬಿಡಲೊಲ್ಲದು. ಗಡಿಗೆಯ ಬಾಯಿಯ ಮೇಲೆ ಕೈ ಹಿಡಿದು ನಾನು ಕಾದೆ, ಮಗಳು ಕಾದಳು. ಅಜ್ಜಿಯ ಬಾಯಿ ಮಾತ್ರವಲ್ಲ, ಕೈಯೂ ಬಂದಿದೆ ಎಂದು ಅವ್ವ ನಕ್ಕಳು, ಎಲ್ಲರೂ ನಕ್ಕರು. ಚಿಲ್ಲರಿ ಎಳೆಯಲು ನೋಡಿದ, ಕೂಸು ಕೆಂಪಗಾಗಿ ಅಳಲು ಹತ್ತಿತು.

ಕಾಕ ಕೋಲನ್ನು ಗೋಡೆಗೆ ಒರಗಿಸಿ ಬಂದು ತೊಟ್ಟಿಲ ಪಕ್ಕ ಕೂತ. ಕೇಳಿದ್ದು ಮಗಳನ್ನಲ್ಲ, ನನ್ನನ್ನು.

"ಕೊಟ್ರವ್ವಾ, ನಾ ಮುಟ್ಲೇನು?"

ನಾನು ಹೂಂ ಎಂದೆ. ಅವನು ತನ್ನ ಗೆರೆಯಿಲ್ಲದ ಬೆರಳಿನಿಂದ ಕೂಸಿನ ಮುಷ್ಟಿಯ ಬೆನ್ನನ್ನು ಸವರಿದ. ಮೊದಲು ಕಿರುಬೆರಳು ಬಿಡಿಸಿದ, ಆಮೇಲೆ ಅದರ ಪಕ್ಕದ್ದು. ಕೂಸು ಅಳು ನಿಲ್ಲಿಸಿ ಅವನನ್ನೇ ನೋಡಿತು. ಅಷ್ಟು ದೊಡ್ಡ ಕೈ, ಅಷ್ಟು ಮೆಲ್ಲಗೆ. ಬರಿ ಗಡಿಗೆಗೆ ಮೊದಲ ನಾಣ್ಯ ಬೀಳುವ ಸದ್ದು ಮತ್ತೆ ಸಿಗುವುದಿಲ್ಲ, ಅದಕ್ಕೆ ನಾನು ತಲೆ ತಿರುಗಿಸಿ ಬಲಗಿವಿಯನ್ನು ಗಡಿಗೆಯ ಹತ್ತಿರ ಹಿಡಿದು ಕೂತೆ.